ಗಿರಣಿ ಹಾಡಿದರೆ ಹೇಗಿರುತ್ತದೆ?

ಮೊಮ್ಮಗನ ಮೊಬೈಲಿನಲ್ಲಿ ಧಡ್ ಧಡ್, ಕಿರ್ ಕಿರ್ ಹಾಡು ಕೇಳಿದರೆ ಗಂಗಾವತಿಯ ಅಜ್ಜ ಏನೆಂದಾರು? “ಇದೇನ್ ಹಾಡೋ ತಮ್ಮಾ, ಅಕ್ಕಿ ಗಿರಣಿ ಕೆಟ್ಟಂಗೈತಿ!”

ಅಜ್ಜ ಹೇಳುವುದು ಸರಿಯೇ. ಅದರ ಹೆಸರೇ ಇಂಡಸ್ಟ್ರಿಯಲ್ ಸಂಗೀತ, ಅಂದರೆ ಕಾರ್ಖಾನೆ ಸಂಗೀತ! ಇಂಗ್ಲೆಂಡಿನ ಒಂದು ತಂಡ 1976ರಲ್ಲಿ ತನ್ನ ರೆಕಾರ್ಡ್ ಕಂಪನಿಗೆ ಇಟ್ಟ ಹೆಸರಿನಿಂದ ಬಂದದ್ದು. 1980ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಇನ್ನೊಂದು ತಂಡ ಹುಟ್ಟಿತು: ‘ಐನ್‌ಸ್ಟುರ್ಟ್ಸೆಂಡೆ ನೊಯ್‌ಬೌಟನ್’. ನಾಲಿಗೆ ತಿರುಗಿತೇ? ‘ಕುಸಿಯುವ ಹೊಸ ಕಟ್ಟಡಗಳು’ ಎಂದರ್ಥ. ಗುಜರಿ ತಗಡು, ಸುತ್ತಿಗೆ, ಗೋಡೆ ಕೊರೆಯುವ ಡ್ರಿಲ್ ಇವೇ ಅವರ ವಾದ್ಯಗಳು.

ಬರೀ ಗದ್ದಲವೇ? ಗಿರಣಿಯಲ್ಲಿ ದುಡಿದವರನ್ನು ಕೇಳಿ ಮಕ್ಕಳೇ. ಬೆಲ್ಟ್ ಸಡಿಲಾದರೆ ಅವರಿಗೆ ಸದ್ದಿನಲ್ಲೇ ತಿಳಿಯುತ್ತದೆ. ಅಂಥ ಕಿವಿಯ ಅಜ್ಜನ ಪಕ್ಕ ಕುಳಿತು ಈ ಹಾಡೊಂದನ್ನು ಹಾಕಿ, ದನಿ ತಗ್ಗಿಸಿ. ತಾಳ ಮೊದಲು ಹಿಡಿಯುವವರು ಅವರೇ ಇರಬಹುದು.