ಕಾಣದ ಬೋಲ್ಟಿನ ಪರವಾಗಿ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ತಂದೆಯ ಕಾಲದ ಅಂಬಾಸಿಡರ್ ಕಾರಿನ ಎಂಜಿನ್ನನ್ನು ಇಳಿಸಿ, ಸರಿಪಡಿಸಿ, ಮರಳಿ ಕೂರಿಸುತ್ತಿದ್ದಾನಂತೆ. ಕೇಳಿ ಸಂತೋಷವಾಯಿತು. ಆದರೆ ಮಾತಿನ ಕೊನೆಯಲ್ಲಿ, "ಸ್ಟಾರ್ಟರ್ ಮೋಟರಿನ ಮೇಲಿನ ಬೋಲ್ಟಿಗೆ ಕೈಯೇ ಹೋಗುವುದಿಲ್ಲ ಸಾರ್. ಕೆಳಗಿನದು ಗಟ್ಟಿಯಾಗಿದೆಯಲ್ಲ, ಮೇಲಿನದನ್ನು ಬಿಟ್ಟುಬಿಡು ಎಂದು ಎಲ್ಲರೂ ಹೇಳುತ್ತಿದ್ದಾರೆ" ಎಂದ. ಆ 'ಎಲ್ಲರಿಗೂ' ನನ್ನ ಉತ್ತರವಿದು.

ಮೊದಲು ನನ್ನ ತಪ್ಪೊಪ್ಪಿಗೆ. 1987ರ ಬೇಸಿಗೆ ರಜೆಯಲ್ಲಿ ನಮ್ಮ ಅಂಬಾಸಿಡರಿನ ಅದೇ ಬೋಲ್ಟನ್ನು ನಾನೂ ಬಿಟ್ಟಿದ್ದೆ. ಶಾಲೆ ತೆರೆಯಲು ಎರಡೇ ದಿನ ಉಳಿದಿತ್ತು. ಬೆರಳ ಗಂಟುಗಳ ಚರ್ಮ ಸುಲಿದಿತ್ತು. "ಯಾರು ನೋಡುತ್ತಾರೆ?" ಎಂದುಕೊಂಡು ಬೋಲ್ಟನ್ನು ಡಬ್ಬಿಗೆ ಹಾಕಿದೆ. ಕೆಲವು ತಿಂಗಳು ಏನೂ ಆಗಲಿಲ್ಲ. ಒಂದು ರಾತ್ರಿ ಅಮ್ಮನಿಗೆ ಎದೆನೋವು ಬಂತು. ಕೀಲಿ ತಿರುಗಿಸಿದರೆ ಕರ್ಕಶ ಶಬ್ದವೇ ಹೊರತು ಎಂಜಿನ್ ಅಲುಗಲಿಲ್ಲ. ಪುಣ್ಯಕ್ಕೆ ಆ ಕಾರಿಗೆ ಕೈಯಿಂದ ತಿರುಗಿಸುವ ಹ್ಯಾಂಡಲ್ ಇತ್ತು. ಆಸ್ಪತ್ರೆ ತಲುಪಿದೆವು, ಅಮ್ಮ ಉಳಿದರು. ಆ ಕತ್ತಲಲ್ಲಿ ಹ್ಯಾಂಡಲ್ ತಿರುವಿದ ನಿಮಿಷಗಳನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ. ಆಮೇಲೆ ನೋಡಿದರೆ ಫ್ಲೈವೀಲಿನ ಹಲ್ಲುಗಳು ಸವೆದು ಹೋಗಿದ್ದವು. ಅರ್ಧ ಗಂಟೆ ಉಳಿಸಿದವನು ಎಂಜಿನ್ನನ್ನು ಮತ್ತೆ ಇಳಿಸಬೇಕಾಯಿತು.

ಬಿಡಬಹುದು ಎನ್ನುವವರ ಮೊದಲ ವಾದ: ಒಂದು ಬೋಲ್ಟೇ ಭಾರ ಹೊರಲು ಸಾಕು. ಭಾರ ಹೊರಬಲ್ಲದು, ನಿಜ. ಆದರೆ ಇಲ್ಲಿ ಪ್ರಶ್ನೆ ಭಾರದ್ದಲ್ಲ, ಸ್ಥಾನದ್ದು. ಎರಡು ಬೋಲ್ಟುಗಳಿದ್ದರೆ ಮೋಟರು ಸ್ಥಿರ. ಒಂದೇ ಇದ್ದರೆ ಅದೇ ತಿರುಗಣೆಯಾಗುತ್ತದೆ. ಪ್ರತಿ ಸಲ ಕೀಲಿ ತಿರುಗಿಸಿದಾಗಲೂ ಮೋಟರು ಕೂದಲೆಳೆಯಷ್ಟು ಓರೆಯಾಗಿ, ಹಲ್ಲಿಗೆ ಹಲ್ಲು ನೇರವಾಗಿ ಕೂಡದೆ ಒಂದನ್ನೊಂದು ತಿನ್ನುತ್ತವೆ.

ಎರಡನೆಯ ವಾದ: ಇದನ್ನು ರೂಪಿಸಿದವರೇ ಮೂರ್ಖರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸದ ಈ 1489 ಸಿಸಿ ಎಂಜಿನ್ನು ದಶಕಗಳ ಕಾಲ ನಮ್ಮ ರಸ್ತೆಗಳಲ್ಲಿ ದುಡಿದಿದೆ. ಕಾರ್ಖಾನೆಯಲ್ಲಿ ಆ ಬೋಲ್ಟನ್ನು ಹಾಕಿದವರೂ ಮನುಷ್ಯರೇ. ಬೋಲ್ಟು ದುರ್ಗಮವಾಗುವುದು ಬಹುಮಟ್ಟಿಗೆ ನಾವು ಕ್ರಮ ತಪ್ಪಿದಾಗ.

ಆ ಕ್ರಮವನ್ನೂ ಹೇಳಿಬಿಡುತ್ತೇನೆ. ಎಂಜಿನ್ ಹೊರಗಿರುವಾಗಲೇ ಮರೆಗಳನ್ನು ಶುಚಿಗೊಳಿಸಿ, ಪ್ರತಿ ಬೋಲ್ಟನ್ನೂ ಬೆರಳಿನಿಂದಲೇ ಒಮ್ಮೆ ಪೂರ್ತಿ ತಿರುಗಿಸಿ ನೋಡಬೇಕು. ಗೇರ್‌ಬಾಕ್ಸನ್ನು ಕೂಡಿಸುವಾಗ ತಲೆ ಕತ್ತರಿಸಿದ ಎರಡು ಉದ್ದ ಬೋಲ್ಟುಗಳನ್ನು ದಾರಿತೋರುಗಳಾಗಿ ನೆಟ್ಟರೆ ಅದು ತಾನಾಗಿ ಸರಿದು ಬರುತ್ತದೆ. ಬಾರದಿದ್ದರೆ ಬೋಲ್ಟು ಬಿಗಿದು ಎಳೆಯಬಾರದು, ಕವಚ ಸೀಳಬಹುದು. ಅದರ ಭಾರವನ್ನು ಕ್ಲಚ್ ತಟ್ಟೆಯ ಮೇಲೆ ತೂಗಬಿಡಲೂಬಾರದು. ಎಲ್ಲ ಬೋಲ್ಟುಗಳೂ ಕೈಯಿಂದ ಹಿಡಿದುಕೊಂಡ ಮೇಲೆಯೇ ಮೊದಲನೆಯದನ್ನು ಬಿಗಿಯಬೇಕು. ಸ್ಟಾರ್ಟರಿನ ಸರದಿ ಬಂದಾಗ ಬ್ಯಾಟರಿಯ ತಂತಿ ಕಳಚಿರಲಿ. ಸಾಕೆಟ್ಟಿನೊಳಗೆ ಚಿಟಿಕೆ ಗ್ರೀಸ್ ಸವರಿದರೆ ಬೋಲ್ಟು ಬೀಳುವುದಿಲ್ಲ. ಉದ್ದನೆಯ ಎಕ್ಸ್‌ಟೆನ್ಶನ್ ಸರಳು, ಅದರ ತುದಿಗೊಂದು ತಿರುಗು ಕೀಲು ಇದ್ದರೆ ಕೈ ಹೋಗದ ಕಡೆಗೂ ಸಾಕೆಟ್ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಈ ಎಂಜಿನ್ನಿನ ಬೋಲ್ಟುಗಳು ಇಂಚಿನ ಅಳತೆಯವು. 9/16 ಇಂಚೆಂದರೆ 14.29 ಮಿಲಿಮೀಟರ್. 14ರ ಸ್ಪ್ಯಾನರು ಅದಕ್ಕೆ ಕೂರುವುದಿಲ್ಲ, 15ರದು ಸಡಿಲವಾಗಿ ಮೂಲೆಗಳನ್ನು ತಿಂದುಹಾಕುತ್ತದೆ. ಅರೆಬರೆ ಉಪಕರಣದಿಂದ ಕೆಡಿಸಿದ ಮೇಲೆ "ಈ ಬೋಲ್ಟು ಬಿಚ್ಚಲಾಗದ್ದು" ಎಂದು ತೀರ್ಪು ಕೊಡುವವರೇ ಬಹಳ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿಯೇ ನಿಂತಿತು. ನಾವು ಇಂದು ಕೆಡಿಸುವ ಬಿಡಿಭಾಗಕ್ಕೆ ಬದಲಿಯನ್ನು ಆ ಕಾರ್ಖಾನೆ ಮತ್ತೆ ಮಾಡಿಕೊಡುವುದಿಲ್ಲ.

ಉತ್ತರ ಸರಿಯಿದ್ದರೂ ಮಧ್ಯದ ಹಂತ ಬಿಟ್ಟವರಿಗೆ ಗಣಿತದ ಪತ್ರಿಕೆಯಲ್ಲಿ ನಾನು ಅಂಕ ಕಳೆಯುತ್ತಿದ್ದುದು ನಿಮಗೆಲ್ಲ ನೆನಪಿರಬೇಕು. ಆಗ ನನ್ನನ್ನು ಶಪಿಸಿದವರೂ ಇದನ್ನು ಓದುತ್ತಿದ್ದೀರಿ. ಅದೇ ಮೇಷ್ಟ್ರು 1987ರಲ್ಲಿ ತಾನೇ ಒಂದು ಹಂತ ಬಿಟ್ಟಿದ್ದ ಎಂಬುದನ್ನು ಇಷ್ಟು ವರ್ಷ ಮನೆಯವರಿಗೂ ಹೇಳಿರಲಿಲ್ಲ, ಇಂದು ಹೇಳಿದ್ದೇನೆ.

ಆದ್ದರಿಂದ, ಮಗೂ, ಆ ಬೋಲ್ಟನ್ನು ಹಾಕು. ನನ್ನ ಬಳಿಯಿರುವ ಉದ್ದನೆಯ ಸರಳನ್ನು ಬೇಕಾದರೆ ಭಾನುವಾರ ಬಂದು ಒಯ್ಯಿ. ಕೆಲಸ ಮುಗಿದ ಮೇಲೆ ಕಾರಿನಲ್ಲೇ ಬಂದು ಹಿಂದಿರುಗಿಸು.