ಕಾರು ಮೊನಾಕೊದಲ್ಲಿ ಗೆದ್ದಿತು, ಕನ್ನಡ ಎಲ್ಲಿ ನಿಂತಿತು?

ಕನ್ನಡದ ತರುಣ ಗೆಳೆಯರೇ, ಒಂದು ನೇರ ಪ್ರಶ್ನೆ ಕೇಳುತ್ತೇನೆ. ಮುಚ್ಚುಮರೆ ಇಲ್ಲದೆ ಉತ್ತರ ಹೇಳಿ. 2025ರ ಮೇ 24, ಶನಿವಾರ, ನೀವು ಏನು ನೋಡುತ್ತಿದ್ದಿರಿ? ಆ ದಿನ ಮೊನಾಕೊ ನಗರದ ಇಕ್ಕಟ್ಟು ಬೀದಿಗಳಲ್ಲಿ ಫಾರ್ಮುಲಾ 2 ಕಾರುಗಳ ಓಟ ನಡೆಯಿತು. ಎಲ್ಲರಿಗಿಂತ ಮೊದಲು ಗೆರೆ ದಾಟಿದವನು ಬೆಂಗಳೂರಿನ ಹುಡುಗ ಕುಶ್ ಮೈನಿ. ಫಾರ್ಮುಲಾ 1ಕ್ಕೆ ಒಂದೇ ಮೆಟ್ಟಿಲು ಕೆಳಗಿನ ಓಟ ಅದು, ಮೊನಾಕೊದಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ಈತ. ಆ ಗೆಲುವನ್ನು ಬೆಂಗಳೂರಿನವರೇ ಯಾವ ಭಾಷೆಯಲ್ಲಿ ಕೇಳಿದರು? ಇಂಗ್ಲಿಷಿನಲ್ಲಿ! ಹುಡುಗ ನಮ್ಮೂರಿನವನು, ಹೊಗಳಿಕೆ ಮಾತ್ರ ಪರರ ಬಾಯಿಯದು.

ಆತನ ಮನೆಮಾತು ಯಾವುದು ಎಂದು ತಕರಾರು ತೆಗೆಯುವ ಮಿತ್ರರು ನಮ್ಮಲ್ಲಿದ್ದಾರೆ. ಇರಲಿ. ಉಡುಪಿಯ ಕೆ.ಪಿ. ಅರವಿಂದ್ ಬಗ್ಗೆ ಏನು ಹೇಳುತ್ತೀರಿ? ಜಗತ್ತಿನಲ್ಲೇ ಅತಿ ಕಠಿಣ ಎನ್ನುವ ಡಾಕರ್ ರ‍್ಯಾಲಿಗೆ 2017, 2018, 2019 ಮೂರು ವರ್ಷ ಬೈಕ್ ಹತ್ತಿ ಹೋದವರು. ಮೂರನೆಯ ಸಲ ಪೆರುವಿನ ಮರಳುಗಾಡು ದಾಟಿ 37ನೆಯವರಾಗಿ ಗುರಿ ಮುಟ್ಟಿದರು. ಆಗ ಕರ್ನಾಟಕದ ಎಷ್ಟು ಮನೆಗಳಿಗೆ ಅವರ ಹೆಸರು ಗೊತ್ತಿತ್ತು? 2021ರಲ್ಲಿ ಬಿಗ್ ಬಾಸ್ ಮನೆ ಹೊಕ್ಕು ಎರಡನೇ ಸ್ಥಾನ ಪಡೆದಾಗ ಇಡೀ ನಾಡಿಗೆ ಗೊತ್ತಾಯಿತು! ಮರಳಿನಲ್ಲಿ ಪ್ರಾಣ ಒತ್ತೆ ಇಟ್ಟಾಗ ಕಾಣದ ಕನ್ನಡಿಗ, ಸೋಫಾ ಮೇಲೆ ಕುಳಿತು ಜಗಳ ಬಿಡಿಸಿದಾಗ ಕಂಡ. ತಪ್ಪು ಅರವಿಂದ್ ಅವರದಲ್ಲ, ಬಿಗ್ ಬಾಸಿನದೂ ಅಲ್ಲ. ಒಂದು ಕನ್ನಡದಲ್ಲಿತ್ತು, ಇನ್ನೊಂದು ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ಪೂರೈಸಿದ ಮೊದಲ ಭಾರತೀಯ. 2021ರಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು ಪ್ರಜ್ಞೆ ತಪ್ಪಿ ಸಾವಿನ ಬಾಗಿಲಿನಿಂದ ವಾಪಸು ಬಂದರು. ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಜಾ ರ‍್ಯಾಲಿಗಳ ಮಹಿಳಾ ವಿಶ್ವಕಪ್ ಗೆದ್ದರು. ಮೋಟಾರು ಓಟದಲ್ಲಿ ಭಾರತಕ್ಕೆ ಬಂದ ಮೊದಲ ವಿಶ್ವ ಪ್ರಶಸ್ತಿ ಅದು. ಕನ್ನಡ ನಾಡಿನ ಹೆಣ್ಣುಮಗಳು! ಈ ಹೆಸರುಗಳನ್ನು ಇಲ್ಲಿ ಮೊದಲ ಸಲ ಓದುತ್ತಿದ್ದರೆ ನಿಮ್ಮನ್ನು ಬೈಯುವುದಿಲ್ಲ. ನಿಮಗೆ ಹೇಳುವವರೇ ಇರಲಿಲ್ಲ.

ನಾನು ಯಾರು ಇದನ್ನೆಲ್ಲ ಹೇಳಲಿಕ್ಕೆ? ಕಲಬುರಗಿಯಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಇಷ್ಟೇ ನನ್ನ ಪ್ರಪಂಚ. ಊರು ಆಳಂದ ತಾಲೂಕಿನ ಭೂಸನೂರ. ಓದು ಪಿಯುಸಿಗೆ ನಿಂತಿತು. ತೊಂಬತ್ತರ ದಶಕದ ಕೊನೆಗೆ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುವ ಕೆಲಸ ಕಲಿಯುತ್ತಿದ್ದೆ. ಪಕ್ಕದಲ್ಲೇ ಟಿವಿ ರಿಪೇರಿ ಅಂಗಡಿ. ಭಾನುವಾರ ಮಧ್ಯಾಹ್ನ ಅಲ್ಲಿ ಕೇಬಲ್ ಟಿವಿಯಲ್ಲಿ ಶೂಮಾಕರ್, ಹಾಕಿನೆನ್ ಇಬ್ಬರ ಕಾದಾಟ ಬರುತ್ತಿತ್ತು. ನಾವು ನಾಲ್ಕೈದು ಹುಡುಗರು ಬಾಯಿ ತೆರೆದು ನೋಡುತ್ತಿದ್ದೆವು. ತಿಳಿಯುತ್ತಿದ್ದುದು ಎರಡೇ: ಕೆಂಪು ಕಾರು, ಬೆಳ್ಳಿ ಬಣ್ಣದ ಕಾರು. ಮುಂದಿದ್ದವನು ಯಾಕೆ ಒಳಗೆ ಹೋಗಿ ನಿಂತ? ಹಿಂದಿದ್ದವನು ಹೇಗೆ ಮುಂದೆ ಬಂದ? ವಿವರಣೆ ಹೇಳುವ ಇಂಗ್ಲಿಷಿನವ ಗಂಟಲು ಹರಿದುಕೊಳ್ಳುತ್ತಿದ್ದ, ನಮಗೆ ಕೇಳುತ್ತಿದ್ದುದು ಗುಂಯ್ ಎನ್ನುವ ಎಂಜಿನ್ ಸದ್ದೇ. ಪ್ರೆಸ್ಸಿಗೆ ಯಂತ್ರ ಒರೆಸಲು ಬರುತ್ತಿದ್ದ ರದ್ದಿಯಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆ ಸಿಕ್ಕರೆ ಹುಡುಕಿ ತೆಗೆದು, ಡಿಕ್ಷನರಿ ಹಿಡಿದು, ಆ ಆಟದ ನಿಯಮ ಒಂದೊಂದಾಗಿ ಕಲಿತೆ. ಹತ್ತು ನಿಮಿಷ ಕನ್ನಡದಲ್ಲಿ ಹೇಳುವವರಿದ್ದರೆ ಮುಗಿಯುತ್ತಿದ್ದ ಪಾಠಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಕಬಡ್ಡಿಗೆ ವಿವರಣೆ ಇಲ್ಲದಿದ್ದರೂ ನಡೆದೀತು, ಕಣ್ಣಿಗೇ ಕಾಣುತ್ತದೆ. ಮೋಟಾರು ಓಟ ಹಾಗಲ್ಲ. ಮೊದಲು ಗೆರೆ ದಾಟಿದವನು ಹೇಗೆ ಮೊದಲಾದ ಎನ್ನುವುದು ಪರದೆಯ ಮೇಲೆ ಕಾಣುವುದೇ ಇಲ್ಲ. ಟೈರಿನ ಲೆಕ್ಕ ಒಂದು. ಕೆಂಪು ಪಟ್ಟಿಯದು ಮೆತ್ತಗಿನ ಟೈರು, ಹಿಡಿತ ಹೆಚ್ಚು, ಬೇಗ ಸವೆಯುತ್ತದೆ. ಬಿಳಿ ಪಟ್ಟಿಯದು ಗಟ್ಟಿ, ಬಾಳುತ್ತದೆ, ವೇಗ ಕಡಿಮೆ. ಹಳದಿ ನಡುವಿನದು. ಮಳೆ ಬಾರದ ಓಟದಲ್ಲಿ ಎರಡು ಬಗೆಯನ್ನಾದರೂ ಬಳಸಲೇಬೇಕು. ಯಾವಾಗ ಬದಲಿಸಬೇಕು? ಅದರಲ್ಲೇ ಅರ್ಧ ಓಟ ಇದೆ. ನಾಲ್ಕು ಗಾಲಿ ಬದಲಿಸಲು ಎರಡು ಸೆಕೆಂಡು ಸಾಕು, 2023ರಲ್ಲಿ ಕತಾರಿನಲ್ಲಿ ಮೆಕ್ಲಾರೆನ್ ತಂಡ 1.80 ಸೆಕೆಂಡಿನಲ್ಲಿ ಮುಗಿಸಿತ್ತು. ನಮ್ಮ ಪಂಕ್ಚರ್ ಅಂಗಡಿಯವ ಇದನ್ನು ಕೇಳಿದರೆ ಹುಚ್ಚನಾಗುತ್ತಾನೆ. ಆದರೆ ಅವನಿಗೆ ಹೇಳುವವರು ಯಾರು?

2021ರ ಡಿಸೆಂಬರ್ 12ರ ಸಂಜೆ ನಾನು ಭೂಸನೂರದಲ್ಲಿದ್ದೆ. ಕಬ್ಬು ಕಡಿಯುವ ಕಾಲ, ಊರ ತುಂಬ ಟ್ರ್ಯಾಕ್ಟರ್ ಸಾಲು. ಅಣ್ಣನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವವ, ರಜೆಗೆ ಬಂದಿದ್ದ. ಫೋನಿಗೆ ತಂತಿ ಸಿಕ್ಕಿಸಿ ಟಿವಿಯಲ್ಲಿ ಅಬುಧಾಬಿ ರೇಸ್ ಹಚ್ಚಿದ. ಹ್ಯಾಮಿಲ್ಟನ್, ವರ್ಸ್ಟಾಪೆನ್ ಇಬ್ಬರಿಗೂ ವರ್ಷವಿಡೀ ಓಡಿ ಸರಿಸಮ 369.5 ಅಂಕ. ಈ ಓಟದಲ್ಲಿ ಯಾರು ಮುಂದೋ ಅವನೇ ಜಗಜಟ್ಟಿ. ನಮ್ಮ ಕಾಕಾ ಬಾಗಿಲಲ್ಲಿ ಕುಳಿತಿದ್ದರು. ಮೂವತ್ತು ವರ್ಷ ಕಬ್ಬಿನ ಟ್ರ್ಯಾಕ್ಟರ್ ಹೊಡೆದವರು. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವವರು.

"ಏನ್ ನಡದದೋ ತಮ್ಮಾ ಇದು?" ಎಂದರು.

"ನಿನಗ ತಿಳಿಯಂಗಿಲ್ಲ ಬಿಡು ಮುತ್ಯಾ" ಎಂದ ಹುಡುಗ, ಪರದೆಯಿಂದ ಕಣ್ಣು ತೆಗೆಯದೆ.

ನನಗೆ ಹೊಟ್ಟೆಯೊಳಗೆ ಚುರುಕ್ ಎಂದಿತು. ಕಾಕಾನ ಪಕ್ಕ ಕುಳಿತು ಹೇಳತೊಡಗಿದೆ. ಇನ್ನೈದು ಸುತ್ತು ಇರುವಾಗ ಒಬ್ಬ ಗೋಡೆಗೆ ಬಡಿದ. ದಾರಿ ಸ್ವಚ್ಛ ಮಾಡುವವರೆಗೆ ಕಾವಲು ಕಾರು ಎಲ್ಲರನ್ನೂ ನಿಧಾನವಾಗಿ ಸಾಲಾಗಿ ಒಯ್ಯುತ್ತದೆ, ಯಾರೂ ಯಾರನ್ನೂ ದಾಟುವಂತಿಲ್ಲ. ಮುಂದಿದ್ದ ಹ್ಯಾಮಿಲ್ಟನ್ ಹಳೆಯ ಗಟ್ಟಿ ಟೈರಿನ ಮೇಲೇ ಉಳಿದ, ಅದು ಆಗಲೇ ನಲವತ್ತು ಸುತ್ತು ತಿಂದಿತ್ತು. ಹಿಂದಿನವ ಒಳಗೆ ಹೋಗಿ ಹೊಸ ಮೆತ್ತಗಿನ ಟೈರು ಹಾಕಿಸಿಕೊಂಡು ಬಂದ. ನಡುವೆ ಇದ್ದ ಐದು ಕಾರುಗಳನ್ನಷ್ಟೇ ಪಂಚರು ಮುಂದೆ ಬಿಟ್ಟರು (ಅದು ನ್ಯಾಯವೋ ಅನ್ಯಾಯವೋ ಎಂದು ಇವತ್ತಿಗೂ ಜಗಳ ನಿಂತಿಲ್ಲ). ಈಗ ಉಳಿದದ್ದು ಒಂದೇ ಸುತ್ತು.

ಕಾಕಾ ಬೀಡಿ ಕೆಳಗಿಟ್ಟರು. "ಹಳೀ ಟೈರಿನಾಂವ ಉಳಿಯಂಗಿಲ್ಲ. ಮೂಲ್ಯಾಗ ಹಿಡಿತಾನ ನೋಡು."

ಐದನೇ ತಿರುವಿನಲ್ಲಿ ಹಿಡಿದೇ ಹಿಡಿದ. ಬೆಂಗಳೂರಿನಿಂದ ಬಂದ ಎಂಜಿನಿಯರು ಬಾಯಿ ಮೇಲೆ ಕೈ ಇಟ್ಟುಕೊಂಡ. ಕಾಕಾ ಮಾತ್ರ ಹಸಿ ಹೊಲದಲ್ಲಿ ತುಂಬಿದ ಟ್ರೇಲರ್ ಜಾರಿದ ಕತೆ ಶುರುಮಾಡಿದರು. ರಾತ್ರಿ ಊಟದ ಹೊತ್ತಿಗೂ ಮುಗಿಯಲಿಲ್ಲ.

ಹೇಳಿ ಗೆಳೆಯರೇ, ಆ ಓಟ ತಿಳಿಯದೇ ಇದ್ದವರು ಯಾರು? ಟೈರು, ಭಾರ, ತಿರುವು ಎಲ್ಲವನ್ನೂ ಮೈಯಲ್ಲೇ ಕಲಿತ ಮನುಷ್ಯ ಅವರು. ಭಾಷೆಯೊಂದು ಅಡ್ಡ ನಿಂತಿತ್ತು. ಆಗ ಈ ಓಟ ತೋರಿಸುತ್ತಿದ್ದ ಕಂಪನಿಗೆ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಎಂಬ ಚಾನಲ್ ಇತ್ತು. ಕ್ರಿಕೆಟ್ಟಿಗೆ, ಕಬಡ್ಡಿಗೆ ಕನ್ನಡದಲ್ಲಿ ಚೆಂದಾಗಿ ಮಾತಾಡುವ ಜನ ಇದ್ದರು. ಆದರೆ ಫಾರ್ಮುಲಾ 1ರ ಕನ್ನಡ ವಿವರಣೆ ಇವತ್ತಿನವರೆಗೂ ನನ್ನ ಕಿವಿಗೆ ಬಿದ್ದಿಲ್ಲ. 2023ರಲ್ಲಿ ಭಾರತದ ಟಿವಿಯಿಂದಲೇ ಆ ಓಟ ಮಾಯವಾಯಿತು. 2024ರಿಂದ ಫ್ಯಾನ್‌ಕೋಡ್ ಎಂಬ ಮೊಬೈಲ್ ಆ್ಯಪಿಗೆ ಹೋಯಿತು. ಮೊದಲು ಭಾಷೆಯ ಗೋಡೆ ಇತ್ತು, ಈಗ ಜೇಬಿನ ಗೋಡೆಯೂ ಎದ್ದಿತು.

"ಕನ್ನಡದಲ್ಲಿ ನೋಡುವವರಿಲ್ಲ ಸ್ವಾಮಿ" ಎನ್ನುತ್ತಾರೆ ವ್ಯಾಪಾರ ಬಲ್ಲವರು. ಅಡುಗೆಯನ್ನೇ ಮಾಡದೆ ಉಣ್ಣುವವರಿಲ್ಲ ಎನ್ನುವ ಮಾತು ಇದು! ಐಪಿಎಲ್ಲಿಗೆ 2018ರಲ್ಲಿ ಕನ್ನಡ ವಿವರಣೆ ಕೊಟ್ಟಾಗಲೂ ಮೂಗು ಮುರಿದವರಿದ್ದರು. ಈಗ ಕನ್ನಡ ಇಲ್ಲದ ಐಪಿಎಲ್ ಯಾರಾದರೂ ನೆನೆಯುತ್ತಾರೆಯೇ? ಬ್ರಾಡ್ ಪಿಟ್ ನಟಿಸಿದ ಎಫ್1 ಸಿನಿಮಾ 2025ರ ಜೂನ್ 27ರಂದು ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ತೆರೆ ಕಂಡಿತು. ಪಕ್ಕದ ಎರಡೂ ಮನೆಗೆ ಊಟ ಹೋಯಿತು, ನಮ್ಮ ಎಲೆ ಖಾಲಿ.

ಇಲ್ಲೊಂದು ಕಹಿ ಮಾತು. ನಮ್ಮ ಬಳಗದಲ್ಲೇ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಡಬ್ಬಿಂಗ್ ಬೇಡ ಎಂದು ದಶಕಗಟ್ಟಲೆ ಬಾಗಿಲು ಹಾಕಿಕೊಂಡವರು ನಾವೇ. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪು ಎಂದು ದಂಡ ಹಾಕುವವರೆಗೂ ಬಾಗಿಲು ತೆರೆಯಲಿಲ್ಲ. ಕಲಾವಿದರ ಹೊಟ್ಟೆಪಾಡಿನ ಭಯ ನಿಜವೇ, ಹಗುರ ಮಾಡುವುದಿಲ್ಲ. ಆದರೆ ಆ ವರ್ಷಗಳಲ್ಲಿ ಕನ್ನಡದ ಮಕ್ಕಳು ಹೊರಜಗತ್ತನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿ ಬೆಳೆದರು. ನಮ್ಮ ಆಳಂದದ ಕಡೆ ಗಡಿ ದಾಟಿದರೆ ಅಕ್ಕಲಕೋಟೆ, ಸೊಲ್ಲಾಪುರ, ಮರಾಠಿಯೂ ಸೇರಿತು. ದೊಡ್ಡ ಸಂಗತಿ ಎಂದರೆ ಬೇರೆ ಭಾಷೆ ಎಂಬ ರೂಢಿ ಬಿತ್ತು.

ಆ ರೂಢಿ ಎಲ್ಲಿಗೆ ಮುಟ್ಟಿದೆ ಎಂದು ನಾನು 2011ರಲ್ಲೇ ಕಂಡೆ. ಅಕ್ಟೋಬರ್ 30ರಂದು ದಿಲ್ಲಿ ಹತ್ತಿರದ ಗ್ರೇಟರ್ ನೊಯ್ಡಾದಲ್ಲಿ ಭಾರತದ ಮೊದಲ ಗ್ರ್ಯಾನ್ ಪ್ರಿ. ಕಲಬುರಗಿಯ ಕಾಲೇಜು ಹುಡುಗರು ದೊಡ್ಡ ಪರದೆ ಹಾಕಿ ನೋಡುವ ಏರ್ಪಾಡು ಮಾಡಿ, ಪೋಸ್ಟರ್ ಮಾಡಿಸಲು ನನ್ನ ಬಳಿ ಬಂದರು. ಕನ್ನಡದಲ್ಲಿ ಮಾಡೋಣ ಎಂದೆ. "ಅಂಕಲ್, ಫಾರ್ಮುಲಾ ವನ್ ನೋಡೋರು ಕನ್ನಡ ಓದಂಗಿಲ್ರಿ" ಎಂದ ಒಬ್ಬ. ಹೇಳಿದ್ದು ಅಚ್ಚ ಕಲಬುರಗಿ ಕನ್ನಡದಲ್ಲಿ! ನಾನೂ ಹುಲಿಯಲ್ಲ. ಪೇಪರಿನವನಿಗೆ ಬಾಕಿ ಕೊಡಬೇಕಿತ್ತು, ಇಂಗ್ಲಿಷಿನಲ್ಲೇ ಹೊಡೆದು ಕೊಟ್ಟೆ. ಆ ಕಾಲಕ್ಕೆ ಓಡುತ್ತಿದ್ದ ಫೋರ್ಸ್ ಇಂಡಿಯಾ ತಂಡದ ಯಜಮಾನ ಬೆಂಗಳೂರಿನ ಮದ್ಯದ ದೊರೆ ವಿಜಯ್ ಮಲ್ಯ. 2008ರಿಂದ 2018ರವರೆಗೆ ಆ ತಂಡ ಜಗತ್ತು ಸುತ್ತಿತು. ಆ ಕಾರಿನ ಮೇಲೆ ಒಂದಾದರೂ ಕನ್ನಡ ಅಕ್ಷರ ಹುಡುಕಿದೆ, ನನ್ನ ಕಣ್ಣಿಗೆ ಸಿಗಲಿಲ್ಲ. ದೊರೆಗೂ ಆ ಕಾಲೇಜು ಹುಡುಗನಿಗೂ ಈ ವಿಷಯದಲ್ಲಿ ಭೇದವೇ ಇರಲಿಲ್ಲ.

ಕನ್ನಡದಲ್ಲಿ ಪದವಿಲ್ಲ ಎನ್ನಬೇಡಿ. ಟೈರಿಗೆ ಟೈರು ಎನ್ನಿ, ಪಿಟ್ಟಿಗೆ ಪಿಟ್ಟೇ ಇರಲಿ, ಗಂಟು ಹೋಗುವುದೇನು? ಲ್ಯಾಪ್ ಎಂದರೆ ಸುತ್ತು. ಕೊನೆಗೆ ಬೀಸುವುದು ಚೌಕುಳಿ ಬಾವುಟ. ಮುಂದಿನ ಕಾರು ಗಾಳಿ ಸೀಳಿಕೊಟ್ಟಾಗ ಅದರ ಬೆನ್ನಿಗೆ ಅಂಟಿಕೊಂಡು ವೇಗ ಕದಿಯುವುದುಂಟು. ಹೆದ್ದಾರಿಯಲ್ಲಿ ಲಾರಿ ಹಿಂದೆ ಬೈಕ್ ಓಡಿಸಿದವರಿಗೆಲ್ಲ ಅದು ಗೊತ್ತು. ಗಾಳಿಮರೆ ಎಂದರೆ ಸಾಲದೇ? ಮೈಸೂರು ಆಕಾಶವಾಣಿಯ ದಸರಾ ವೀಕ್ಷಕ ವಿವರಣೆ ಕೇಳಿ, ಕಣ್ಣು ಮುಚ್ಚಿದರೂ ಆನೆ ಕಾಣುತ್ತಿತ್ತು. ನಮ್ಮೂರಲ್ಲಿ ಕಾರಹುಣ್ಣಿಮೆಗೆ ಕರಿ ಹರಿಯುವಾಗ ಎತ್ತುಗಳು ಧೂಳೆಬ್ಬಿಸಿ ಅಗಸಿಗೆ ನುಗ್ಗುತ್ತವೆ. ಬಿಳಿ ಎತ್ತು ಮೊದಲು ಬಂದರೆ ಬಿಳಿಜೋಳ ಹುಲುಸು ಎಂದು ನಂಬಿಕೆ. ಕಟ್ಟೆಯ ಮೇಲೆ ನಿಂತ ಹಿರಿಯರೊಬ್ಬರು ಯಾರ ಎತ್ತು ಎಲ್ಲಿದೆ, ಯಾವುದು ಬೆದರಿತು, ಯಾವುದು ಬಳಸಿ ಬಂತು ಎಂದು ಒಂದೇ ಉಸಿರಿಗೆ ಕೂಗುತ್ತಿದ್ದರು. ಓಟವನ್ನು ಮಾತಿನಲ್ಲಿ ಕಟ್ಟುವ ವಿದ್ಯೆ ಈ ಭಾಷೆಗೆ ಯಾರೂ ಕಲಿಸಬೇಕಿಲ್ಲ.

ಆದ್ದರಿಂದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ತರುಣರೇ, ಹೋಟೆಲಿನ ದೊಡ್ಡ ಪರದೆಯ ಮುಂದೆ ಕುಳಿತು ಇಂಗ್ಲಿಷಿನಲ್ಲಿ ವಾದಿಸುವ ಅದೇ ಹುರುಪಿನಲ್ಲಿ ಒಂದು ಓಟ ಕನ್ನಡದಲ್ಲಿ ವಾದಿಸಿ ನೋಡಿ. ದುಡ್ಡು ಕಟ್ಟುವ ಗಿರಾಕಿ ನೀವು, ಕನ್ನಡ ವಿವರಣೆ ಎಲ್ಲಿ ಎಂದು ಆ ಕಂಪನಿಗೆ ಕನ್ನಡದಲ್ಲೇ ಬರೆಯಿರಿ, ಒಬ್ಬರಲ್ಲ, ಸಾವಿರ ಜನ. ಅವರು ಕೊಡುವವರೆಗೆ ಕಾಯಬೇಕೆಂದಿಲ್ಲ. ಅವರ ಚಿತ್ರ ಕದ್ದು ತೋರಿಸಿದರೆ ಕಾನೂನು ಹಿಡಿಯುತ್ತದೆ, ಮಾತಿಗೆ ಯಾರ ಅಪ್ಪಣೆ ಬೇಕು? ಟಿವಿ ಸದ್ದು ತೆಗೆಯಿರಿ, ನಿಮ್ಮಲ್ಲೊಬ್ಬ ಬಾಯಿ ತೆರೆಯಲಿ.

ನನ್ನ ಕೈಲಾದದ್ದು ನಾನು ಮಾಡಿದ್ದೇನೆ. ಟೈರಿನ ಬಣ್ಣ, ಬಾವುಟಗಳ ಅರ್ಥ, ಕಾವಲು ಕಾರಿನ ನಿಯಮ, ಡಾಕರಿಗೆ ಹೋದ ನಮ್ಮವರ ಹೆಸರು, ಎಲ್ಲ ಸೇರಿಸಿ ಒಂದು ಹಾಳೆಯ ಕರಪತ್ರ ಐದುನೂರು ಪ್ರತಿ ಅಚ್ಚು ಹಾಕಿಸಿದ್ದೇನೆ. ಪತ್ರಿಕೆ ಹಂಚುವ ಗೆಳೆಯರ ಕೈಯಲ್ಲೇ ಸಿಗುತ್ತದೆ, ಕಾಸಿಲ್ಲ. ಮೊದಲ ಪ್ರತಿ ಭೂಸನೂರದ ಕಾಕಾನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿ, ಬಿಳಿ ಪಟ್ಟಿಯ ಟೈರು ಎಷ್ಟು ಸುತ್ತು ಬಾಳುತ್ತದೆ ಎಂದು ಬರೆದಿಲ್ಲವಲ್ಲ ಎಂದು ತಪ್ಪು ಹಿಡಿದರು. ಎರಡನೇ ಮುದ್ರಣದಲ್ಲಿ ಸೇರಿಸುತ್ತೇನೆ.