ವೃತ್ತವನ್ನು ಓದುವ ಕಟ್ಟಳೆ

ಚಿತ್ರವನ್ನು ಕಂಡೊಡನೆ ಅರ್ಥವು ತಾನಾಗಿ ಹೊಳೆಯುವುದೆಂಬ ನಂಬಿಕೆ ಬಹು ಹಳೆಯದು. ತಂತ್ರಾಂಶವನ್ನು ರಚಿಸುವುದಕ್ಕೆ ಮುನ್ನ ಅದು ಪಾಲಿಸಬೇಕಾದ ನಿಯಮಗಳನ್ನು ಗೊತ್ತುಪಡಿಸುವವರು ತರ್ಕಸೂತ್ರಗಳನ್ನು ಬಿಟ್ಟು ವೃತ್ತ ಬಾಣಗಳನ್ನು ಬರೆಯಹೊರಡುವುದು ಈ ನಂಬಿಕೆಯ ಬಲದಿಂದಲೇ. ಅದನ್ನು ಪರೀಕ್ಷಿಸದೆ ಒಪ್ಪತಕ್ಕುದಲ್ಲ.

ಜಗಳೂರು ತಾಲ್ಲೂಕಿನ ಯಾವ ರೈತನಿಗೂ ಪರಿಚಿತವಾದ, 'ಭೂಮಿ' ಯೋಜನೆಯ ಮೂಲಕ ಈ ಶತಮಾನದ ಆದಿಯಲ್ಲಿ ಗಣಕವನ್ನೇರಿದ ಪಹಣಿಯನ್ನೇ ನೋಡಬಹುದು. ಅದರ 9ನೆಯ ಕಾಲಂ ಖಾತೆದಾರನದು, 12ನೆಯದು ಸಾಗುವಳಿದಾರನದು. ಈ ಎರಡು ವರ್ಗಗಳಿಗೂ ಒಂದೊಂದು ವೃತ್ತವನ್ನೆಳೆದು, ಒಂದು ಇನ್ನೊಂದನ್ನು ಕೊಂಚ ಕವಿಯುವಂತೆ ಮಾಡಿದೆವೆನ್ನಿ. ಸ್ವಂತ ಹೊಲವನ್ನು ತಾವೇ ಉಳುವವರು ಇದ್ದಾರೆಂದೇ ಬಹುಮಂದಿ ಆ ನಡುಭಾಗವನ್ನು ಓದುವರು. ಆದರೆ 1880ರಲ್ಲಿ ಜಾನ್ ವೆನ್ ರೂಪಿಸಿದ ಪದ್ಧತಿಯಂತೆ ಅದು ಇದ್ದಾರೆಂದೂ ಹೇಳದು, ಇಲ್ಲವೆಂದೂ ಹೇಳದು. ಮಸಿ ಬಳಿದಾಗ ಮಾತ್ರ ಅಲ್ಲಿ ಯಾರೂ ಇಲ್ಲವೆಂದರ್ಥ. ಇರುವಿಕೆಯನ್ನು ಸಾರಲು ಬೇರೊಂದು ಗುರುತೇ ಬೇಕಾಗಿ, ಅದನ್ನು ಚಾರ್ಲ್ಸ್ ಪರ್ಸ್ ಸೇರಿಸಿದನು. ಅದಕ್ಕೂ ಶತಮಾನದಷ್ಟು ಹಿಂದಿನ ಆಯ್ಲರನ ವೃತ್ತಗಳಲ್ಲಾದರೋ ಒಂದನ್ನೊಂದು ಮುಟ್ಟದಂತೆ ಬರೆದರೇ ಸಾಕು, ನಿಷೇಧವಾಯಿತು.

ಇದಕ್ಕಿಂತ ತೊಡಕಾದ ಪ್ರಶ್ನೆ ಓದುವ ಕ್ರಮದ್ದು. 1997ರಲ್ಲಿ ಸ್ಟೂವರ್ಟ್ ಕೆಂಟ್ ತಂತ್ರಾಂಶಕ್ಕೆಂದೇ ಸೂಚಿಸಿದ ನಿರ್ಬಂಧಚಿತ್ರಗಳಲ್ಲಿ 'ಪ್ರತಿಯೊಂದು' ಎಂಬುದಕ್ಕೆ ನಕ್ಷತ್ರ, 'ಯಾವುದೋ ಒಂದು' ಎಂಬುದಕ್ಕೆ ಚುಕ್ಕೆ. ಗ್ರಾಮಗಳ ವೃತ್ತದೊಳಗಿನ ನಕ್ಷತ್ರದಿಂದ ಲೆಕ್ಕಿಗರ ವೃತ್ತದೊಳಗಿನ ಚುಕ್ಕೆಗೆ ಬಾಣವೆಳೆಯಿರಿ. ನಕ್ಷತ್ರವನ್ನು ಮೊದಲು ಓದಿದರೆ ಪ್ರತಿಯೊಂದು ಗ್ರಾಮಕ್ಕೂ ಒಬ್ಬೊಬ್ಬ ಲೆಕ್ಕಿಗನುಂಟು, ಆತ ಊರಿಂದೂರಿಗೆ ಬೇರೆಯಾಗಿರಬಹುದು; ಚುಕ್ಕೆಯನ್ನು ಮೊದಲು ಓದಿದರೆ ತಾಲ್ಲೂಕಿನ ಎಲ್ಲ ಗ್ರಾಮಗಳಿಗೂ ಒಬ್ಬನೇ! ಮೊದಲ ಓದಿನಂತೆ ಕಟ್ಟಿದ ತಂತ್ರಾಂಶವು ಸಹಜವಾಗಿ ಒಪ್ಪುವ ದಾಖಲೆಯನ್ನು ಎರಡನೆಯ ಓದಿನಂತೆ ಕಟ್ಟಿದ್ದು ತಳ್ಳಿಹಾಕುವುದು. ವಾಕ್ಯಕ್ಕೆ ಮೊದಲು ಕೊನೆಗಳುಂಟು, ಚಿತ್ರಕ್ಕಿಲ್ಲ. ಈ ಕೊರತೆಯನ್ನು ನೀಗಲು ಬ್ರೈಟನ್ ವಿಶ್ವವಿದ್ಯಾಲಯದ ಸಂಶೋಧಕರು ಚಿತ್ರದ ಜೊತೆಗೆ ಓದುವ ಕ್ರಮವನ್ನು ತೋರುವ ವೃಕ್ಷವೊಂದನ್ನೂ ಲಗತ್ತಿಸಿದರು. ಚಿತ್ರವನ್ನು ಓದಲು ಇನ್ನೊಂದು ಚಿತ್ರ ಬೇಕಾದುದರಲ್ಲಿ ಸ್ವಲ್ಪ ವಿನೋದವಿಲ್ಲದಿಲ್ಲ.

ಹಾಗೆಂದು ಚಿತ್ರವನ್ನೇ ತ್ಯಜಿಸಬೇಕೆನ್ನುವುದು ಅವಿವೇಕ. ವೆನ್ ಚಿತ್ರಗಳಿಂದಲೂ ನಿರ್ದುಷ್ಟವಾದ ಸಾಧನೆ ಸಾಧ್ಯವೆಂಬುದನ್ನು ಸುನ್-ಜೂ ಶಿನ್ 1994ರ ತಮ್ಮ ಗ್ರಂಥದಲ್ಲಿ ಸ್ಥಾಪಿಸಿದ್ದಾರೆ. ಸೂತ್ರಗಳ ಕಂತೆಯನ್ನು ಕಂಡು ಸುಮ್ಮನೆ ಸಹಿ ಹಾಕುವ ಅಧಿಕಾರಿಯೂ ತಪ್ಪಾದ ಚಿತ್ರವನ್ನು ಕಂಡರೆ ಪ್ರಶ್ನೆಯೆತ್ತಬಲ್ಲನು. ಆದುದರಿಂದ ಚಿತ್ರವಿರಲಿ, ಆದರೆ ಬಿಳಿಯ ಭಾಗಕ್ಕೇನರ್ಥ, ಯಾವ ಗುರುತು ಮೊದಲು ಎಂಬ ಕಟ್ಟಳೆಯನ್ನು ಅದೇ ಹಾಳೆಯ ಮೇಲೆ ಬರೆಯದ ಹೊರತು ಅದಕ್ಕೆ ಯಾರೂ ಸಹಿ ಹಾಕಕೂಡದು.